ಮೂವರು ಥಾಮಸರು ಮತ್ತು ಒಂದು ಮೊರ ತೌಡು

ನಮ್ಮ ತಾತನ ಮನೆಯ ಊಟದ ಮೇಜಿಗೆ ಕೂತು ಊಟ ಮಾಡಿದ್ದು ನನಗೆ ನೆನಪಿಲ್ಲ. ಶಾಲೆಗೆ ರಜೆ ಬಂದಾಗಲೆಲ್ಲ ನಾವು ಸಿಡ್ನಿಯಿಂದ ಕಾರು ಹತ್ತಿ ಮೆಲ್ಬರ್ನಿನ ಕ್ಲೇಟನ್‌ನಲ್ಲಿದ್ದ ಆ ಇಟ್ಟಿಗೆ ಮನೆಗೆ ಹೋಗುತ್ತಿದ್ದೆವು; ಹೋದವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲೋ ಹಿತ್ತಲ ಮೆಟ್ಟಿಲ ಮೇಲೋ ಕೂತು ತಿನ್ನುತ್ತಿದ್ದೆವು. ಏಕೆಂದರೆ ಮೇಜು ಸತ್ತವರಿಗೆ ಸೇರಿತ್ತು. ತಾತ ಅಂದರೆ ನನ್ನ ಅಮ್ಮ ಹೆಲೆನ್‌ಳ ಅಪ್ಪ, ವಾಲ್ಟರ್. ಅವನು ಹುಟ್ಟಿದ್ದು, ಬೆಳೆದದ್ದು ಮೆಲ್ಬರ್ನಿನಲ್ಲೇ ಆದರೂ ಅವನ ಹಿಂದಿನವರು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಒಂದು ಹಳ್ಳಿಯವರು, ಇನ್ನೊಬ್ಬರ ಹೊಲದಲ್ಲಿ ದುಡಿದು ತಿಂದವರು. ಆಸ್ಪತ್ರೆಯ ಲಿಫ್ಟುಗಳನ್ನು ರಿಪೇರಿ ಮಾಡುವ ಕೆಲಸದಿಂದ ನಿವೃತ್ತನಾಗಿ, ಹೆಂಡತಿಯೂ ತೀರಿಹೋದ ಮೇಲೆ ತಾತ ಆ ಹಳ್ಳಿಯ ಚರ್ಚಿನ ಹಳೇ ದಾಖಲೆಗಳ ಬೆನ್ನು ಹತ್ತಿದ. ಆ ಕಾಲದಲ್ಲಿ ಅಲ್ಲಿ ಮಗುವಿಗೆ ದೀಕ್ಷಾಸ್ನಾನವಾದರೆ ಪಾದ್ರಿ ಚರ್ಚಿನ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದನಂತೆ, ಮದುವೆಯಾದರೆ ಇನ್ನೊಂದು, ಮಣ್ಣಿಗಿಟ್ಟರೆ ಮತ್ತೊಂದು. ಒಬ್ಬ ಕೂಲಿಯವನ ಇಡೀ ಬಾಳು ಮೂರು ಸಾಲು. ಆ ಸಾಲುಗಳ ನಕಲು ತರಿಸಿ ಮೇಜಿನ ತುಂಬ ಹರಡಿ, ಭೂತಗನ್ನಡಿ ಹಿಡಿದು ಓದಿ, ಯಾರಿಗೆ ಯಾರು ಮಗ, ಯಾರಿಗೆ ಯಾರು ಮೊಮ್ಮಗ ಎಂದು ವಾಲ್‌ಪೇಪರಿನ ಸುರುಳಿಯ ಹಿಂಬದಿಯಲ್ಲಿ ಗೆರೆ ಎಳೆಯುವುದು ಅವನ ದಿನಚರಿ. ಆ ಗೆರೆಗಳ ನಡುವೆ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು: ಥಾಮಸ್. ಪ್ರತಿ ತಲೆಮಾರಿನ ಹಿರಿಮಗ ಥಾಮಸ್. ತಾತ ಎರಡನೆಯವನಾದ್ದರಿಂದ ವಾಲ್ಟರ್ ಆಗಿದ್ದ. ಅವನ ಅಣ್ಣ ಥಾಮಸ್ ಮಕ್ಕಳಿಲ್ಲದೆ ತೀರಿಕೊಂಡಿದ್ದ.

ನನ್ನ ಅಪ್ಪನ ತಾಯಿ, ನಮ್ಮಜ್ಜಿ, ಶಿರಾದ ಕಡೆಯವಳು. ಅಪ್ಪ ಸಿಡ್ನಿಯ ನಾರ್ವೆಸ್ಟ್‌ನ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಹತ್ತಿರದ ರೌಸ್ ಹಿಲ್‌ನಲ್ಲಿ ಮನೆ ಮಾಡಿ, ಅವಳನ್ನು ಕರೆಸಿಕೊಂಡಿದ್ದ. ಇವತ್ತು ನಾನು ಆಡುವ, ಬರೆಯುವ ಕನ್ನಡವೆಲ್ಲ ಅವಳ ಸೆರಗಿನ ಗಂಟಿನಿಂದ ಬಂದದ್ದು. ಅಪ್ಪ ಅಮ್ಮ ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅಮ್ಮನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಅಜ್ಜಿಗೂ ತಾತನಿಗೂ ನಡುವೆ ನಾನೇ ಸೇತುವೆ. ಬೀಗರೆಂದ ಮೇಲೆ ಕಾಲೆಳೆಯದಿದ್ದರೆ ಅದು ಸಂಬಂಧವೇ ಅಲ್ಲ ಅನ್ನುವುದು ಅಜ್ಜಿಯ ಪಾಠ. ಕ್ಲೇಟನ್ ಮನೆಯ ಬಾಗಿಲು ದಾಟುತ್ತಲೇ ಶುರು ಹಚ್ಚುತ್ತಿದ್ದಳು.

"ಏನ್ ಬೀಗ್ರೆ, ನಿಮ್ಮೋರ್ನೆಲ್ಲ ಗೋರಿಯಿಂದ ಎಬ್ಬಿಸಿ ಮೇಜಿನ ಮ್ಯಾಲೆ ಕೂರಿಸ್ಕಂಡಿದೀರಲ್ಲ, ಇಷ್ಟ್ ಜನಕ್ಕೆ ಉಣ್ಣಕ್ಕಿಕ್ಕೋರ್ಯಾರು?"

ನಾನು ಅದನ್ನು ಇಂಗ್ಲಿಷ್ ಮಾಡಿ ಹೇಳಿದರೆ ತಾತ ಕನ್ನಡಕ ಹಣೆಗೇರಿಸಿ, ಅವರೆಲ್ಲ ಡಾರ್ಸೆಟ್‌ನವರು, ಒಂದೊಂದು ಲೋಟ ಟೀ ಕೊಟ್ಟರೆ ಸಾಕೆಂದು ಬೀಗಿತ್ತಿಗೆ ಹೇಳು ಅನ್ನುತ್ತಿದ್ದ. 'ಬೀಗ್ರೆ' ಅನ್ನುವುದು ತನಗೆ ಸಿಕ್ಕ ಬಿರುದು ಎಂದು ಅವನು ಬಹಳ ದಿನ ನಂಬಿದ್ದ. ಅಂಚೆಯವನಿಗೂ ಒಮ್ಮೆ ಹಾಗೇ ಪರಿಚಯ ಮಾಡಿಕೊಂಡ.

ರೌಸ್ ಹಿಲ್‌ನ ನಮ್ಮ ಮನೆಯಲ್ಲಿ ಒಂದು ಹಳದಿ ಕೋಣೆ ಇತ್ತು. ಅಡುಗೆಮನೆಯಿಂದ ನನ್ನ ಕೋಣೆಗೆ ಹೋಗುವ ದಾರಿಯಲ್ಲಿ, ಯಾವಾಗಲೂ ಮುಚ್ಚಿದ ಬಾಗಿಲು. ಅಪ್ಪನೇ ಬಣ್ಣ ಬಳಿದಿದ್ದ. ಕಿಟಕಿಯ ಚೌಕಟ್ಟಿನ ಮೇಲೆ ಅವನ ಬೆರಳಿನ ಗುರುತು ಹಳದಿಯಾಗಿ ಒಣಗಿತ್ತು. ಆ ಕೋಣೆಯಲ್ಲಿ ಮಲಗಬೇಕಾಗಿದ್ದವನು ನನ್ನ ತಮ್ಮ. ತಿಂಗಳು ತುಂಬುವ ಮೊದಲೇ ಹುಟ್ಟಿದ. ಅಮ್ಮ ಅವನಿಗೆ ಥಾಮಸ್ ಎಂದು ಹೆಸರಿಟ್ಟಳು, ತಾತ ವಿಮಾನ ಹತ್ತಿ ಬಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತ, ಅಜ್ಜಿ ಮನೆಯಲ್ಲಿ ಬಾಣಂತಿಗೆಂದು ಬೆಳ್ಳುಳ್ಳಿ ಸುಲಿದು ರಾಶಿ ಹಾಕಿದಳು. ಮಗು ಮನೆಗೆ ಬರಲಿಲ್ಲ. ಆಮೇಲೆ ಆ ಬೆಳ್ಳುಳ್ಳಿಯನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಬುಟ್ಟಿಯಲ್ಲೇ ಮೊಳಕೆ ಬಂತು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಮುದ್ದೆ ಕಟ್ಟುತ್ತಿದ್ದಾಗ ಅಮ್ಮ ಒಲೆಯ ಪಕ್ಕ ನಿಂತು, ಯಾರಿಗೂ ಅಂತಲ್ಲದೆ, ಥಾಮಸ್ ಇದ್ದಿದ್ದರೆ ಈಗ ತಾನಾಗಿ ಕೂರುವಷ್ಟು ದೊಡ್ಡವನಾಗಿರುತ್ತಿದ್ದ ಎಂದಳು. ಅಜ್ಜಿ ಹಿಟ್ಟು ಮೆತ್ತಿದ ಕೈಯನ್ನೇ ಚಾಚಿ ಅಮ್ಮನ ಬಾಯಿ ಮುಚ್ಚಿದಳು. ಒರಟಾಗಿ ಅಲ್ಲ, ಮಗುವಿನ ಬಾಯಿ ಒರೆಸುವ ಹಾಗೆ. ಆದರೂ ಅಮ್ಮ ಬೆಚ್ಚಿಬಿದ್ದು ಹಿಂದೆ ಸರಿದಳು, ತುಟಿಯ ಮೇಲೆ ರಾಗಿಯ ಗುರುತು ಹಾಗೇ ಇತ್ತು. ಸತ್ತ ಕೂಸಿನ ಹೆಸರು ಮನೆಯೊಳಗೆ ಎತ್ತಬಾರದು ಅನ್ನುವುದು ಅಜ್ಜಿಯ ಊರಿನ ನಡೆ. ಈ ಮನೆಯಲ್ಲಿ ಎಲ್ಲರೂ ತನ್ನ ಮಗನನ್ನು ಮರೆಯಲು ಹೊರಟಿದ್ದಾರೆ ಅನ್ನುವುದು ಅಮ್ಮನಿಗೆ ಆದ ಅರ್ಥ. ಅವತ್ತಿನಿಂದ ಅವಳು ಆ ಹೆಸರನ್ನು ಬಾಯಲ್ಲಿ ತರಲಿಲ್ಲ. ಅವಳ ನಗುವೂ ಅದರ ಜೊತೆಗೇ ಒಳಗೆ ಸೇರಿಕೊಂಡಿತು.

ಮುಂದಿನ ಚಳಿಗಾಲದ ಹೊತ್ತಿಗೆ ಅಮ್ಮ ಮತ್ತೆ ಬಸುರಿಯಾಗಿದ್ದಳು. ಇಲ್ಲಿ ಚಳಿಗಾಲವೆಂದರೆ ಜುಲೈ. ಆ ತಿಂಗಳ ರಜೆಗೆ ಕ್ಲೇಟನ್‌ಗೆ ಹೋದಾಗ ತಾತನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ, ದಾಖಲೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಿತ್ತು. ಅಪ್ಪ ಅಮ್ಮ ಪೇಟೆಗೆ ಹೋಗಿದ್ದರು. ಅಜ್ಜಿ ಹೀಟರಿನ ಪಕ್ಕ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಹೊಸದಾಗಿ ಬಂದಿದ್ದ ಹಾಳೆಗಳು ಮಣ್ಣು ಮಾಡಿದವರ ಪಟ್ಟಿ. ಅದನ್ನು ತಾತ ಅದುವರೆಗೆ ನೋಡಿರಲಿಲ್ಲ, ಹುಟ್ಟು, ಮದುವೆಗಳನ್ನು ಹಿಡಿದೇ ಗೆರೆ ಎಳೆದುಕೊಂಡು ಬಂದಿದ್ದ. ನಾನು ಒಂದೊಂದೇ ಸಾಲು ಓದುತ್ತ ಹೋದೆ: ಯಾರೋ ವಿಧವೆ, ಯಾರೋ ಕುರಿ ಕಾಯುವವನು, ಆಮೇಲೆ ಥಾಮಸ್, ಇಂಥವನ ಮಗ, ಶಿಶು. ತಾತ ಪೆನ್ಸಿಲ್ ಕೆಳಗಿಟ್ಟ. ಇನ್ನೊಮ್ಮೆ ಓದು ಅಂದ. ಓದಿದೆ. ಅಪ್ಪನ ಹೆಸರು ಓದು ಅಂದ. ದೀಕ್ಷಾಸ್ನಾನದ ಹಾಳೆಯಲ್ಲಿದ್ದ ಅದೇ ಅಪ್ಪ, ಅದೇ ಅಮ್ಮ. ತಾತನ ಮುಖ ಗೋಡೆಯ ಹಾಗಾಯಿತು. ಅವನ ಸುರುಳಿಯಲ್ಲಿ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಕೂತಿದ್ದ ಮೂಲಪುರುಷ ಅವನೇ. ತಾತ ಒಂದು ಸತ್ತ ಕೂಸಿಗೆ ಮದುವೆ ಮಾಡಿಸಿ, ಮಕ್ಕಳನ್ನು ಹುಟ್ಟಿಸಿ, ಆ ಮಕ್ಕಳಿಂದ ತನ್ನನ್ನೂ ಅಮ್ಮನನ್ನೂ ನನ್ನನ್ನೂ ಇಳಿಸಿಕೊಂಡು ಬಂದಿದ್ದ. ನಾವೆಲ್ಲ ಒಂದು ಗಳಿಗೆ ಯಾರಿಂದಲೂ ಹುಟ್ಟದವರಾದೆವು. ಆಮೇಲೆ ತಾತ ಹಳೆಯ ದೀಕ್ಷಾಸ್ನಾನದ ಹಾಳೆಗಳನ್ನೆಲ್ಲ ತಿರುಗಾ ಹುಡುಕಿಸಿದ. ಅದೇ ದಂಪತಿಗೆ ಇನ್ನೊಬ್ಬ ಮಗ, ಅವನ ಹೆಸರೂ ಥಾಮಸ್. ಅವನನ್ನೂ ಮಣ್ಣು ಮಾಡಿದ ಸಾಲು ಸಿಕ್ಕಿತು. ಅದರ ಮುಂದೆ ಮೂರನೆಯವನು, ಅವನೂ ಥಾಮಸ್. ಅವನನ್ನು ಮಣ್ಣು ಮಾಡಿದ ಸಾಲು ಮಾತ್ರ ಬಹಳ ಕೆಳಗೆ, ಮುದುಕನೆಂದು ಬರೆದು. ಬದುಕಿದವನು, ಮದುವೆಯಾದವನು, ನಮ್ಮವನು ಅವನೇ. ತಾತನ ಕಣ್ಣಿಗೆ ಹಾಕಿದ್ದ ಔಷಧಿಯೋ ಕಣ್ಣೀರೋ ಗೊತ್ತಾಗಲಿಲ್ಲ, ಕೆನ್ನೆಯ ಮೇಲೆ ಇಳಿಯಿತು. ಅವರು ಬಿಡಲಿಲ್ಲ ನೋಡು, ಹೆಸರನ್ನು ಕೈಬಿಡಲಿಲ್ಲ, ಎಂದು ಮತ್ತೆ ಮತ್ತೆ ಹೇಳಿದ.

ಏನಂತೆ ಎಂದು ಅಜ್ಜಿ ಕೇಳಿದಳು. ನಾನು ಹೇಳಿದೆ. ಅವಳ ಮಡಿಲಿನಿಂದ ಬಟಾಣಿಯ ತಟ್ಟೆ ಜಾರಿತು.

"ಸತ್ತ ಮಗೀನ ಹೆಸ್ರ ತಿರ್ಗಾ ಇಟ್ರಾ? ಎಲ್ಡ್ ಸತಿ ಕಳ್ಕಂಡ್ ಮ್ಯಾಲೂ? ಆ ತಾಯಿ ಹೆಂಗ್ ಕರೆದ್ಲವ್ವ ಆ ಹೆಸ್ರ ಹಿಡ್ದು?"

ತಾತ ಅದನ್ನು ನನ್ನಿಂದ ಕೇಳಿ ತಿಳಿದುಕೊಂಡು, ಹಾಗಾದರೆ ನಿಮ್ಮ ಕಡೆ ಏನು ಮಾಡುತ್ತಾರೆ ಕೇಳು ಅಂದ. ಅಜ್ಜಿ ಉರುಳಿದ ಬಟಾಣಿಯನ್ನು ಆರಿಸುತ್ತ, ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದಳು. ಅವಳಿಗಿಂತ ಮುಂಚೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲವಂತೆ. ಅವಳು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ಊರ ತಿಪ್ಪೆಯ ಮೇಲೆ ಇಟ್ಟು ಬಂದರಂತೆ. ಪಕ್ಕದ ಮನೆಯವಳು ಹೋಗಿ, ನನಗೊಂದು ಕೂಸು ಸಿಕ್ಕಿತು ಎಂದು ಎತ್ತಿಕೊಂಡು ಬಂದಳಂತೆ. ಹೆತ್ತ ತಾಯಿ ಒಂದು ಮೊರ ತೌಡು ಕೊಟ್ಟು ಅವಳಿಂದ ಕೊಂಡುಕೊಂಡಳಂತೆ. ತೌಡಿಗೆ ಸಿಕ್ಕಿದ್ದನ್ನು, ತಿಪ್ಪೆಯಲ್ಲಿ ಬಿದ್ದಿದ್ದನ್ನು ಸಾವೂ ಮುಟ್ಟುವುದಿಲ್ಲ ಎಂದು.

"ಅದ್ಕೇ ನನ್ ಹೆಸ್ರು ತಿಪ್ಪಮ್ಮ. ಪಾಸ್ಪೋಲ್ಟ್‌ನಾಗೂ ಅದೇ ಐತೆ, ಬೇಕಾರೆ ತೋರ್ಸು."

ಅಜ್ಜಿಯ ಹೆಸರಿಗೆ ಅರ್ಥವಿದೆಯೆಂದು ನಾನು ಅದುವರೆಗೆ ಯೋಚಿಸಿರಲೇ ಇಲ್ಲ. ಕಸದ ರಾಶಿ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ನಾಲಿಗೆ ತೊಡರಿತು. ತಾತ ಕುರ್ಚಿಯಿಂದ ಎದ್ದೇಬಿಟ್ಟ. ಹುಟ್ಟಿದ ಮಗುವನ್ನು ಗೊಬ್ಬರದ ಮೇಲೆ ಮಲಗಿಸಿ, ಅದಕ್ಕೆ ಗೊಬ್ಬರದ್ದೇ ಹೆಸರಿಟ್ಟರೇ? ಅವನು ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ಇಬ್ಬರ ಕಣ್ಣಲ್ಲೂ ಒಂದೇ ಗಾಬರಿ: ಎಂಥ ಜನರ ಮನೆಗೆ ಮಕ್ಕಳನ್ನು ಕೊಟ್ಟೆವಪ್ಪಾ.

ಅವತ್ತು ಸಂಜೆ ಎಲ್ಲರೂ ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಮೀನು, ಚಿಪ್ಸ್ ತಿನ್ನುತ್ತಿದ್ದೆವು. ಅಜ್ಜಿ ಮಾತ್ರ ಮೊಸರನ್ನ. ತಾತ ತನ್ನ ಮೂವರು ಥಾಮಸರ ಕಥೆಯನ್ನು ಸಂಭ್ರಮದಿಂದ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ ಅಮ್ಮನ ಕಡೆ ತಿರುಗಿ, ಈ ಸಲ ಗಂಡಾದರೆ ಥಾಮಸ್ ಅಂತಲೇ ಇಡು, ನಮ್ಮ ಹಿರಿಯರು ಮಾಡಿದ್ದೂ ಅದನ್ನೇ, ಅಂದ. ಅಮ್ಮನ ಕೈಯಲ್ಲಿದ್ದ ಫೋರ್ಕ್ ತಟ್ಟೆಗೆ ತಗುಲಿ ಟಿಣ್ ಅಂದಿತು. ಅಜ್ಜಿಗೆ ನಾನು ಏನೂ ಹೇಳಬೇಕಾಗಲಿಲ್ಲ, ಥಾಮಸ್ ಅನ್ನುವ ಹೆಸರು, ಅಮ್ಮನ ಹೊಟ್ಟೆಯ ಕಡೆ ತೋರಿದ ತಾತನ ಕೈ, ಅಷ್ಟು ಸಾಕಾಗಿತ್ತು.

"ಬ್ಯಾಡಿ ಬೀಗ್ರೆ. ಆ ಮಾತಾಡ್ಬ್ಯಾಡಿ."

ತಾತನಿಗೆ ಸಿಟ್ಟು ಬಂತು. ನಾನಾದರೂ ಆ ಮಗುವಿನ ಹೆಸರು ಎತ್ತುತ್ತೇನೆ, ನೀವೆಲ್ಲ ಅದನ್ನು ಕಸಕ್ಕೆ ಹಾಕಿ ಕೂತಿದ್ದೀರಿ ಎಂದ. ಅದನ್ನು ನಾನು ಕನ್ನಡ ಮಾಡಲಿಲ್ಲ. ಅಜ್ಜಿ ಅವನ ದನಿಯಿಂದಲೇ ಎಲ್ಲ ತಿಳಿದುಕೊಂಡು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಮ್ಮ ಎದ್ದು ನಿಂತು, ಮೆತ್ತಗೆ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ಹೇಳಿದಳು: ಡ್ಯಾಡ್, ಈ ಮಗು ಯಾರ ಖಾಲಿ ಜಾಗ ತುಂಬುವುದಕ್ಕೂ ಬರುತ್ತಿಲ್ಲ, ಇದಾದರೂ ಬರುತ್ತದೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಮಾರನೆಯ ದಿನವೇ ನಾವು ಸಿಡ್ನಿಗೆ ಹೊರಟೆವು. ದಾರಿಯುದ್ದಕ್ಕೂ ಅಜ್ಜಿ ಒಂದು ಕಡೆಯ ಕಿಟಕಿ, ಅಮ್ಮ ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದರು. ಬೀಗರ ತಮಾಷೆ ಅಲ್ಲಿಗೆ ನಿಂತಿತು. ಫೋನಿನಲ್ಲಿ ತಾತ ಬೀಗಿತ್ತಿ ಹೇಗಿದ್ದಾಳೆ ಎಂದು ಕೇಳುವುದನ್ನೂ ಬಿಟ್ಟ.

ಮಗು ಹುಟ್ಟಿತು, ಗಂಡು, ತಿಂಗಳು ತುಂಬಿ, ಕೆಂಪಗೆ, ಜೋರಾಗಿ ಅಳುತ್ತ. ಮನೆಗೂ ಬಂತು. ಆದರೆ ಅಮ್ಮ ಹಳದಿ ಕೋಣೆಯ ಬಾಗಿಲು ತೆರೆಯಲಿಲ್ಲ, ತೊಟ್ಟಿಲನ್ನು ತನ್ನ ಮಂಚಕ್ಕೇ ಅಂಟಿಸಿಕೊಂಡಳು. ಮಗು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಕೈಯಿಟ್ಟು ಕೂರುವಳು, ಕೂತೇ ತೂಕಡಿಸುವಳು. ಅಪ್ಪ ಎತ್ತಿಕೊಂಡರೂ ಕೈ ಚಾಚಿಕೊಂಡೇ ಹಿಂದೆ ನಿಲ್ಲುವಳು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅವಳು ಮಗುವಿಗೆ ಹೆಸರಿಡಲು ಒಪ್ಪಲಿಲ್ಲ. ಯಾವ ಹೆಸರು ಹೇಳಿದರೂ ನೋಡೋಣ, ನೋಡೋಣ. ಹೆಸರಿಟ್ಟರೆ ಅದು ತನ್ನದಾಗಿಬಿಡುತ್ತದೆ, ತನ್ನದಾದರೆ ಹೋಗಿಬಿಡುತ್ತದೆ ಅನ್ನುವ ಹಾಗಿತ್ತು ಅವಳ ನೋಟ. ಅಪ್ಪ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಅದೇ ರಾಗ ಎತ್ತುತ್ತಿದ್ದ.

"ಹೆಲೆನ್, ರಿಜಿಸ್ಟರ್ ಮಾಡಿಸ್ಲೇಬೇಕು ಕಣೆ. ಹೆಸ್ರೇ ಇಲ್ದೆ ಎಷ್ಟ್ ದಿನ ಅಂತ ಬೇಬಿ ಬೇಬಿ ಅಂತಿರೋದು?"

ಅಮ್ಮ ತೊಟ್ಟಿಲು ತೂಗುತ್ತಿದ್ದಳು. ಅಜ್ಜಿ ಅಡುಗೆಮನೆಯಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಆಮೇಲೆ ತಾತ ಮೆಲ್ಬರ್ನಿನಿಂದ ಬಂದ, ಮೊಮ್ಮಗನನ್ನು ನೋಡಲು. ಬೀಗರಿಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿ ಸುಮ್ಮನಾದರು. ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಹೊತ್ತಿನಲ್ಲಿ ಕಾಫಿ ಕುಡಿದರು. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಒಂದು ಬೆಳಿಗ್ಗೆ ಅಮ್ಮನ ಕೂಗಿಗೆ ಎಚ್ಚರವಾಯಿತು. ಕೂಗು ಕೂಡ ಅಲ್ಲ, ಉಸಿರು ಒಳಗೆ ಎಳೆದುಕೊಂಡ ಸದ್ದು. ತೊಟ್ಟಿಲು ಖಾಲಿ. ಅಮ್ಮ ಹಾಸಿಗೆ ಕೊಡವಿದಳು, ಕೋಣೆ ಕೋಣೆ ನೋಡಿದಳು, ಹಳದಿ ಕೋಣೆಯ ಬಾಗಿಲನ್ನೂ ತೆರೆದಳು. ಆಮೇಲೆ ಅಡುಗೆಮನೆಯ ಕಿಟಕಿಯ ಮುಂದೆ ಕಲ್ಲಾಗಿ ನಿಂತಳು. ನಾನು ಅವಳ ಪಕ್ಕಕ್ಕೆ ಹೋಗಿ ನೋಡಿದೆ. ಹಿತ್ತಲಿನ ಬೇಲಿಯ ಮೂಲೆಯಲ್ಲಿ ಅಜ್ಜಿ ಬಂದಾಗಿನಿಂದ ಕಟ್ಟಿಕೊಂಡು ಬಂದಿದ್ದ ತಿಪ್ಪೆಯೊಂದಿತ್ತು, ಕತ್ತರಿಸಿದ ಹುಲ್ಲು, ತರಕಾರಿ ಸಿಪ್ಪೆ, ಟೀ ಪುಡಿಯ ಚರಟ. ಅದರ ಮೇಲೆ ಒಂದು ಮೊರ. ಶಿರಾದಿಂದ ತಂದಿದ್ದ ಬಿದಿರಿನ ಮೊರವನ್ನು ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಂಡಿದ್ದರು. ಇದು ಇಂಡಿಯನ್ ಅಂಗಡಿಯ ನೀಲಿ ಪ್ಲಾಸ್ಟಿಕ್ ಮೊರ. ಮೊರದಲ್ಲಿ ಬಿಳಿ ಬಟ್ಟೆ ಸುತ್ತಿದ ನನ್ನ ತಮ್ಮ. ಪಕ್ಕದಲ್ಲಿ ಕೈಕಟ್ಟಿ ನಿಂತ ಅಜ್ಜಿ. ಅದೂ ಸಾಲದೆಂಬಂತೆ ಅವಳ ಪಕ್ಕದಲ್ಲೇ, ಒಳ್ಳೆಯ ಕೋಟು ಹಾಕಿಕೊಂಡು, ಚರ್ಚಿಗೆ ಹೊರಟವನ ಹಾಗೆ ತಲೆ ಬಾಚಿಕೊಂಡು, ತಾತ.

ಅಮ್ಮ ಬರಿಗಾಲಲ್ಲಿ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ತಾತ ಬಗ್ಗಿ ಮಗುವನ್ನು ಎತ್ತಿ ಎದೆಗೊತ್ತಿಕೊಂಡ. ನನ್ನ ಮಗು ಕಸದ ಮೇಲೆ ಯಾಕಿದೆ ಎಂದು ಅಮ್ಮ ಕೇಳಿದಳು. ನನ್ನ ತಾತ, ಡಾರ್ಸೆಟ್‌ನವರ ಮೊಮ್ಮಗ, ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಹೇಳಿದ:

"ಇದು ನಂದು. ತೌಡು ಕೊಡು."

ನಾನಿಲ್ಲದೆ ಅವರಿಬ್ಬರೂ ಇದನ್ನು ಹೇಗೆ ಮಾತಾಡಿಕೊಂಡರೆಂದು ನನಗೆ ದಿಗ್ಭ್ರಮೆ. ಅಜ್ಜಿ ಸೋಫಾದ ದಿಂಬನ್ನು ಮೊರದಲ್ಲಿಟ್ಟು, ಅದನ್ನು ಎತ್ತಿ, ಮಾರಿ, ಕೊಂಡು, ಎಲ್ಲ ಪಾತ್ರವನ್ನೂ ತಾನೇ ಆಡಿ ತೋರಿಸಿದಳೆಂದು ತಾತ ಆಮೇಲೆ ಹೇಳಿದ. ಮೊದಲು ತನಗೂ ಮೈ ಜುಮ್ಮೆಂದಿತಂತೆ. ಆದರೆ ಅವಳು ದಿಂಬಿನ ಮೂಗಿನ ಹತ್ತಿರ ಕೈಯಿಟ್ಟು ಅಮ್ಮ ಕೂರುವ ಹಾಗೆ ಕೂತು ತೋರಿಸಿದಾಗ, ಬೇಡವೆನ್ನಲು ಆಗಲಿಲ್ಲವಂತೆ. ಅಮ್ಮನಿಗೆ ಆ ಕ್ಷಣ ಇದೊಂದೂ ಗೊತ್ತಿರಲಿಲ್ಲ. ಅವಳು ಅಜ್ಜಿಯ ಕಡೆ ತಿರುಗಿದಳು, ಹೊಡೆದೇಬಿಡುತ್ತಾಳೆ ಅನಿಸಿತು ನನಗೆ.

"ನಿನ್ ಮಗ ಅಲ್ಲ ಕಣವ್ವ ಅದು. ತಿಪ್ಪೇಲಿ ಬಿದ್ದಿತ್ತು, ಬೀಗ್ರಿಗೆ ಸಿಕ್ತು. ಮೊದ್ಲನೇದ್ನ ಕರ್ಕಂಡೋದೋರು ಹೆಲನವ್ವನ ಮಗ ಎಲ್ಲಿ ಅಂತ ಇನ್ನೊಂದ್ ಸತಿ ಬಂದ್ರೆ, ಇಲ್ಲಿ ಅವ್ಳ ಮಗ ಯಾರೂ ಇಲ್ಲ. ತೌಡಿಗ್ ಕೊಂಡಿದ್ನ ಯಾರೂ ಕೇಳಕ್ ಬರಲ್ಲ."

ಕೇಳಿಸಿಕೊಂಡದ್ದನ್ನು ನಂಬಲಾರದೆ ಅಮ್ಮ ನನ್ನ ಕಡೆ ನೋಡಿದಳು. ನಾನು ಒಂದು ಪದವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಮಗುವನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದಳು. ಆಮೇಲೆ, ನನ್ನ ಮೂಲಕವೇ, ಅವತ್ತು ಒಲೆಯ ಮುಂದೆ ಬಾಯಿ ಮುಚ್ಚಿದ್ದೂ ಇದಕ್ಕೇನಾ ಎಂದು ಕೇಳಿಸಿದಳು.

"ಕೂಗಿದ್ರೆ ತಿರುಗಿ ನೋಡ್ತಾನೆ ಕಣವ್ವ. ಹೋಗೋ ಮಗ ತಿರ್ಗಿ ತಿರ್ಗಿ ನೋಡ್ತಾ ನಿಂತ್ರೆ ದಾರಿ ಸವೆಯಾಕಿಲ್ಲ. ಅದ್ಕೇ ಬಾಯ್ನಾಗೆ ಕರೆಯಲ್ಲ. ಮನಸ್ನಾಗೆ ದಿನಾ ಕರೀತೀನಿ. ಮುದ್ದೆ ಕಟ್ಟೋವಾಗ ಅವ್ನಿಗೂ ಒಂದು ಸಣ್ಣದು ಕಟ್ತೀನಿ, ನೀನು ನೋಡಿಲ್ಲ."

ಸಣ್ಣ ಮುದ್ದೆ ನಾನು ನೋಡಿದ್ದೆ. ದಿನಾ ಇರುತ್ತಿತ್ತು, ತಟ್ಟೆಯ ಅಂಚಿನಲ್ಲಿ, ನೆಲ್ಲಿಕಾಯಿ ಗಾತ್ರದ್ದು. ಅಜ್ಜಿ ಕಾಗೆಗೆ ಹಾಕುತ್ತಾಳೆ ಅಂದುಕೊಂಡಿದ್ದೆ. ಅಜ್ಜಿಯ ಮಾತನ್ನು ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಹೊರಟೆ. ಹೇಳುವ ಅಗತ್ಯವಿರಲಿಲ್ಲ, ಅವಳಿಗೆ ಕನ್ನಡ ಅರ್ಥವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಕೆಳಗಿಳಿದು ಬರಲೋ ಬೇಡವೋ ಎಂದು ಚಪ್ಪಲಿಗಾಗಿ ತಡಕಾಡುತ್ತಿದ್ದ. ಅಮ್ಮ ಕಣ್ಣೊರೆಸಿಕೊಂಡು, ತನ್ನ ಅಪ್ಪನ ಎದುರು ನೆಟ್ಟಗೆ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ ಎಲ್ಲರ ಮುಂದೆ ಕನ್ನಡದಲ್ಲಿ ಬಾಯಿ ಬಿಟ್ಟಳು.

"ಎಷ್ಟು?"

ಅಜ್ಜಿ ನೀಲಿ ಮೊರವನ್ನು ಕೈಗೆತ್ತಿಕೊಂಡು, ತುಂಬ, ಎಂದಳು. ತೌಡು ತಿಪ್ಪೆಯ ಪಕ್ಕದಲ್ಲೇ ಸಿದ್ಧವಾಗಿತ್ತು, ಸೂಪರ್ ಮಾರ್ಕೆಟ್ಟಿನಲ್ಲಿ ಬೆಳಗಿನ ತಿಂಡಿಗೆಂದು ಮಾರುವ ಗೋಧಿ ತೌಡಿನ ಪ್ಯಾಕೆಟ್. ಅಮ್ಮ ಅದನ್ನು ಹಲ್ಲಿನಿಂದ ಹರಿದು ಅಷ್ಟನ್ನೂ ಮೊರಕ್ಕೆ ಸುರಿದಳು. ಮೊರ ತುಂಬಿ ಅಂಚಿನಿಂದ ತಾತನ ಪಾಲಿಶ್ ಮಾಡಿದ ಶೂಗಳ ಮೇಲೆ ಉದುರಿತು. ತಾತ ಮೊರ ಇಸಿದುಕೊಂಡು ಮಗುವನ್ನು ಕೊಟ್ಟ. ತೌಡಿನ ಧೂಳು ಮೂಗಿಗೆ ಹೋಗಿ ಮಗು ಸೀನಿತು. ಅಮ್ಮ ಅದನ್ನು ಅಪ್ಪಿಕೊಂಡು, ಅದರ ಕಿವಿಯಲ್ಲಿ, ಆದರೆ ನಮಗೆಲ್ಲ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು: ಥಾಮಸ್ ನಿನ್ನ ಅಣ್ಣ. ನೀನು ಥಾಮಸ್ ಅಲ್ಲ. ಅಜ್ಜಿಯ ಕೈ ಅರ್ಧ ಮೇಲೆದ್ದಿತ್ತು, ಅಮ್ಮನ ಬಾಯಿಯ ಕಡೆಗೆ. ಅದು ಅಲ್ಲಿಗೇ ಹೋಯಿತು, ಬಾಯಿ ಮುಚ್ಚಲು ಅಲ್ಲ, ಕೆನ್ನೆಗೆ ಅಂಟಿದ್ದ ತೌಡನ್ನು ಒರೆಸಲು.

ಅವತ್ತು ಮಧ್ಯಾಹ್ನ ಅಮ್ಮ ಹಳದಿ ಕೋಣೆಯ ಕಿಟಕಿ ತೆಗೆದು, ತೊಟ್ಟಿಲನ್ನು ಅಲ್ಲಿಗೆ ಸಾಗಿಸಿ, ಸಂಜೆಯವರೆಗೆ ನಿದ್ದೆ ಹೋದಳು. ಮನೆಯವರೆಲ್ಲ ಚಮಚದ ಸದ್ದೂ ಆಗದಂತೆ ತಿರುಗಾಡಿದೆವು. ತಾತನಂತೂ ಮೊರದ ತೌಡನ್ನು ಏನು ಮಾಡಬೇಕೆಂದು ತಿಳಿಯದೆ, ಮಾರಾಟದ ದುಡ್ಡು ತನ್ನದೇ ಎಂದು ಮೆಲ್ಬರ್ನಿಗೆ ಡಬ್ಬಿಯಲ್ಲಿ ಹಾಕಿಕೊಂಡು ಹೋದ. ಬೀಗರು ತೌಡು ತಿಂದು ಎಮ್ಮೆಯ ಹಾಗೆ ಹಾಲು ಕೊಡುತ್ತಿದ್ದಾರೋ ಹೇಗೆ ಕೇಳು ಎಂದು ಅಜ್ಜಿ ನನ್ನ ಕೈಲಿ ಫೋನ್ ಮಾಡಿಸಿದಳು.

ಹೆಸರನ್ನು ಅಮ್ಮನೇ ಆರಿಸಿದಳು. ದೀಕ್ಷಾಸ್ನಾನ ಕ್ಲೇಟನ್‌ನ ತಾತನ ಚರ್ಚಿನಲ್ಲಿ ಆಯಿತು; ಅಜ್ಜಿ ರೇಷ್ಮೆ ಸೀರೆಯುಟ್ಟು ಮೊದಲ ಬೆಂಚಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಪಾದ್ರಿ ಚರ್ಚಿನ ಪುಸ್ತಕ ತೆರೆದು ಬರೆಯಲು ಕೂತ. ಆರ್ಥರ್ ಗುಂಡ ಎಂದು ಅಮ್ಮ ಹೇಳಿದಳು. ಪಾದ್ರಿ ತಲೆಯೆತ್ತಿ, ಎರಡನೆಯದು ಯಾವ ಕಡೆಯ ಹೆಸರು ಎಂದು ವಿನಯದಿಂದ ಕೇಳಿದ. ತಾತ ನನ್ನನ್ನು ತಡೆದು ತಾನೇ ಮುಂದೆ ಬಂದ. ಮುಂದೊಂದು ದಿನ ಯಾರಾದರೂ ಭೂತಗನ್ನಡಿ ಹಿಡಿದು ಈ ಸಾಲು ಓದಿ, ಡಾರ್ಸೆಟ್ ಕೂಲಿಯವರ ವಂಶದಲ್ಲಿ ಇವನೆಲ್ಲಿಂದ ಬಂದನೆಂದು ಬೆಚ್ಚಿಬೀಳುವುದನ್ನು ಆಗಲೇ ಕಂಡವನಂತೆ ಅವನ ಮೀಸೆಯಡಿಯಲ್ಲಿ ನಗು ಇತ್ತು. ಗುಂಡ ಅಂದರೆ ದುಂಡು ಕಲ್ಲು, ನಮ್ಮ ಬೀಗಿತ್ತಿಯ ಕಡೆಯದು, ಅಂದ. ಕಲ್ಲನ್ನು ಯಾರೂ ಕೇಳಿಕೊಂಡು ಬರುವುದಿಲ್ಲ, ಹಾಗೇ ಬರೆದುಕೊಳ್ಳಿ.